ಮೊಂಡು ಕತ್ತಿ

ನಮ್ಮ ಕಡೆ ದಾರಿಯಲ್ಲಿ ಎದುರಾದವರು ಚೆನ್ನಾಗಿದ್ದೀರಾ ಎನ್ನುವ ಮೊದಲು ಎಲ್ಲಿಗೆ ಹೊರಟಿದ್ದು ಎಂದು ಕೇಳುತ್ತಾರೆ. ಅದಕ್ಕೊಂದು ಉತ್ತರ ಇರಲೇಬೇಕು. ಇಲ್ಲದವರಿಗೆ 'ಅಂಡಲೆಯುವುದು' ಎಂಬ ಮಾತು ಕಾದಿರುತ್ತದೆ. ಗೊತ್ತುಗುರಿಯಿಲ್ಲದೆ ಸುತ್ತುವುದು ಎಂದು ಅರ್ಥ. ಗಂಡಸಿಗೆ ಅಂದರೆ ಸೋಮಾರಿ ಎಂದಷ್ಟೇ. ಹೆಂಗಸಿಗೆ ಅಂದರೆ ಅದರಲ್ಲಿ ಇನ್ನೂ ಏನೇನೋ ಸೇರಿರುತ್ತದೆ.

ಮದುವೆಯಾಗಿ ಕಳಸದ ಹತ್ತಿರದ ಈ ಕಾಫಿ ತೋಟಕ್ಕೆ ಬಂದ ಹೊಸತರಲ್ಲಿ ನಾನು ಸಂಜೆ ಸುಮ್ಮನೆ ನಡೆಯಲು ಹೋಗುತ್ತಿದ್ದೆ. ಮೂರನೆಯ ದಿನ ಅತ್ತೆ, "ಹಿಂಗೆ ಅಂಡಲೀಬೇಡ, ನೋಡ್ದೋರು ಏನಂತಾರೆ" ಎಂದರು. ಅಂದಿಗೇ ನಿಲ್ಲಿಸಿದೆ. ಹನ್ನೊಂದು ವರ್ಷ ಕಿಟಕಿಯಿಂದಲೇ ಗುಡ್ಡ ನೋಡಿದೆ. ಆ ಸಿಟ್ಟು ಹೊಟ್ಟೆಯಲ್ಲೇ ಇತ್ತು, ಸುಳ್ಳು ಯಾಕೆ ಹೇಳಲಿ.

ಅತ್ತೆ ಮಾತ್ರ ದಿನಾ ಮೂರು ಗಂಟೆಗೆ ಕತ್ತಿ ಹಿಡಿದು ಹೊರಡುತ್ತಿದ್ದರು. ಒಂದು ದಿನ ಕಟ್ಟಿಗೆಗೆ, ಒಂದು ದಿನ ಸೊಪ್ಪಿಗೆ, ಇನ್ನೊಂದು ದಿನ ಬೇಲಿ ನೋಡಲು. ಕಳೆದ ವರ್ಷ ಹಲಸಿನಕಾಯಿ ಹೆಚ್ಚಲು ಆ ಕತ್ತಿ ಎತ್ತಿಕೊಂಡೆ. ತುಕ್ಕು ಹಿಡಿದು ಬಾಯಿ ಮೊಂಡಾಗಿತ್ತು, ಬಾಳೆದಿಂಡೂ ತುಂಡಾಗದು. ಅಲ್ಲಿಂದ ಅನುಮಾನ ಶುರುವಾಯಿತು. ಕದ್ದು ಮೆಣಸು ಮಾರುತ್ತಿದ್ದಾರಾ? ಮದುವೆಯಾಗಿ ಹೋದ ತಮ್ಮ ಮಗಳಿಗೆ ಏನಾದರೂ ಸಾಗಿಸುತ್ತಿದ್ದಾರಾ? ಬಂದ ಮೇಲೆ ಸೆರಗು ನೋಡಿದೆ, ಮಡಿಲು ನೋಡಿದೆ. ಸೀರೆಯಂಚಿಗೆ ಹತ್ತಿದ ಹುಲ್ಲಿನ ಬೀಜ ಬಿಟ್ಟರೆ ಏನೂ ಇಲ್ಲ. ಅಂಥ ಹುಲ್ಲು ತೋಟದಲ್ಲಿಲ್ಲ, ಮೇಲಿನ ಬೋಳುಗುಡ್ಡದಲ್ಲಿದೆ.

ಒಂದು ಮಧ್ಯಾಹ್ನ ಹಿಂಬಾಲಿಸಿದೆ. ಎದುರಾದ, ತೋಟದ ಲೆಕ್ಕ ಬರೆಯುವ ರೈಟರ್ ಅತ್ತೆಯ ಕೈಯ ಕತ್ತಿ ನೋಡಿ ಏನೂ ಕೇಳದೆ ಮುಂದೆ ಬಂದರು. ಬರಿಗೈಯ ನನ್ನನ್ನು ನಿಲ್ಲಿಸಿ ಎಲ್ಲಿಗೆಂದು ಕೇಳಿದರು. ಅಷ್ಟರಲ್ಲಿ ಅತ್ತೆ ಬೇಲಿ ದಾಟಿ ಗುಡ್ಡ ಹತ್ತಿದ್ದರು. ಸ್ವಲ್ಪ ಎಡಕ್ಕೆ ಹೋದರು, ಮತ್ತೆ ಬಲಕ್ಕೆ, ಮತ್ತೆ ಬಂದ ಕಡೆಗೇ. ಅಲ್ಲಿ ಯಾರೂ ಇರಲಿಲ್ಲ, ಅವರು ಯಾರಿಗೂ ಕಾಯುತ್ತಿರಲಿಲ್ಲ. ನಮ್ಮತ್ತೆ ಅಂಡಲೆಯುತ್ತಿದ್ದರು.

ಎದುರು ಹೋಗಿ ನಿಂತೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪೈಕಿಯವರಲ್ಲ ಅವರು.

"ಕೈಯಲ್ಲಿ ಕತ್ತಿ ಇದ್ರೆ ಯಾರೂ ಕೇಳಲ್ಲ ಮಾರಾಯ್ತಿ," ಎಂದರು.

"ಅವತ್ತೇ ಯಾಕೆ ಹೇಳ್ಲಿಲ್ಲ ನೀವು?"

ಅತ್ತೆ ಕತ್ತಿಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು. "ನೀನು ಹೊಸಬಳು. ಯಾರ ಹತ್ರಾದ್ರೂ ಹೇಳ್ಬಿಟ್ರೆ ಅಂತ ಹೆದ್ರಿಕೆ. ನಂಗೆ ಅಂತ ಇದ್ದಿದ್ದು ಇದೊಂದೇ."

ಸಿಟ್ಟು ಇಳಿಯಿತು ಎಂದರೆ ಸುಳ್ಳಾದೀತು. ಹನ್ನೊಂದು ವರ್ಷ ಸಣ್ಣದಲ್ಲ. ಆದರೂ ಮರುದಿನ ಕಳಸಕ್ಕೆ ಹೋಗಿ ಒಂದು ಕತ್ತಿ ಕೊಂಡೆ. ಸಾಣೆ ಹಿಡಿದು ಕೊಡಲಾ ಎಂದು ಅಂಗಡಿಯವರು ಕೇಳಿದರು. ಬೇಡ ಎಂದೆ.