ತಿಥಿಯ ದಿನ ನಾಲಿಗೆಯಡಿಯ ಗುಳಿಗೆ

ಅಪ್ಪನ ತಿಥಿಯ ದಿನ ಬೆಳ್ಳಂಬೆಳಿಗ್ಗೆ ನಾನು ಅಮ್ಮನ ಜೊತೆ ಜಗಳಕ್ಕೆ ನಿಂತೆ. ತಮ್ಮನ ಬಾಯಿಗೆ ಒಂದು ಗುಳಿಗೆ ಬೀಳಬೇಕೋ ಬೇಡವೋ ಎನ್ನುವುದೇ ಜಗಳ. ದೆಹಲಿಯ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಒಂದು ಮನೆಯ ಮಾತು ಇನ್ನೊಂದು ಮನೆಗೆ ಕೇಳುತ್ತದೆ. ಕೇಳಲಿ ಎಂದೇ ಗಂಟಲು ಏರಿಸಿದ್ದೆ.

ಅಪ್ಪ ನೌಕರಿಯಲ್ಲಿದ್ದಾಗಲೇ ತೀರಿಕೊಂಡರು. ಅನುಕಂಪದ ಮೇಲೆ ಅಮ್ಮನಿಗೆ ಅದೇ ಕಚೇರಿಯಲ್ಲಿ ಗುಮಾಸ್ತೆ ಕೆಲಸ ಸಿಕ್ಕಿ ಮನೆ ಉಳಿಯಿತು. ಕೈತಪ್ಪಿದವನು ತಮ್ಮ. ಕಾಲೇಜಿನಲ್ಲಿ ಸ್ಮ್ಯಾಕ್ ಎಂಬ ಅಗ್ಗದ ಹೆರಾಯಿನ್ ಅಂಟಿತು, ಆಮೇಲೆ ಸೂಜಿ. ಎರಡು ಸಾವಿರದ ಇಸವಿಯ ನಂತರದ ಆ ವರ್ಷಗಳಲ್ಲಿ ನಾನು ದೆಹಲಿಯ ಒಂದು ಪ್ರಯೋಗಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ಅಫೀಮಿನ ಜಾತಿಯ ಮದ್ದುಗಳು ಮಿದುಳಿನ ಕೋಶಗಳ ಮೇಲೆ ಎಲ್ಲಿ ಹೋಗಿ ಕೂರುತ್ತವೆ, ಅವುಗಳ ಜೊತೆ ಎಚ್‌ಐವಿಯೂ ಸೇರಿಕೊಂಡರೆ ಆ ಕೋಶಗಳ ಗತಿ ಏನು, ಇದು ನನ್ನ ವಿಷಯ. ಹಟ ಹಿಡಿದು ನಾನೇ ಆರಿಸಿಕೊಂಡಿದ್ದೆ. ಮಾರ್ಫಿನ್ ಒಂದನ್ನೇ ಹಾಕಿದ ತಟ್ಟೆಯಲ್ಲಿ ಕೆಲವು ಕೋಶಗಳು ಸಾಯುತ್ತಿದ್ದವು, ವೈರಸ್ಸಿನ ಪ್ರೋಟೀನ್ ಒಂದನ್ನೇ ಹಾಕಿದರೂ ಸಾಯುತ್ತಿದ್ದವು. ಎರಡನ್ನೂ ಹಾಕಿದ ತಟ್ಟೆಯಲ್ಲಿ ಇನ್ನೂ ಹೆಚ್ಚು ಸಾಯುತ್ತಿದ್ದವು; ಆ ತಟ್ಟೆಯನ್ನು ನಾನು ಎರಡೆರಡು ಸಲ ಎಣಿಸುತ್ತಿದ್ದೆ. ತಮ್ಮನಿಗೆ ಎಚ್‌ಐವಿ ಇರುವುದು ಮನೆಯಲ್ಲಿ ಅವನಿಗೂ ನನಗೂ ಮಾತ್ರ ಗೊತ್ತಿತ್ತು.

ವ್ಯಸನಮುಕ್ತಿ ಕೇಂದ್ರದಲ್ಲಿ ಅವನಿಗೆ ಸ್ಮ್ಯಾಕಿನ ಬದಲಿಗೆ ದಿನಾ ಬೆಳಿಗ್ಗೆ ಒಂದು ಗುಳಿಗೆ. ನರ್ಸ್ ಕಣ್ಣೆದುರೇ ಪುಡಿ ಮಾಡಿ ನಾಲಿಗೆಯಡಿ ಹಾಕುತ್ತಿದ್ದರು. ಕರಗುವ ತನಕ ನುಂಗುವಂತಿಲ್ಲ, ಮಾತಾಡುವಂತಿಲ್ಲ. ಅಮ್ಮನ ಲೆಕ್ಕದಲ್ಲಿ ಅದೂ ಒಂದು ನಶೆ.

“ಬಸ್ಸಲ್ಲಿ ಸೀಟಿಗೆ ಕರ್ಚೀಫ್ ಹಾಕ್ತಾರಲ್ಲ, ಹಾಗಮ್ಮ. ಇದು ಮಿದುಳಲ್ಲಿ ಹೋಗಿ ಕೂತ್ರೆ ಸ್ಮ್ಯಾಕ್‌ಗೆ ಕೂರೋಕೆ ಜಾಗ ಇರಲ್ಲ.”

“ನಿನ್ನ ಬಸ್ಸು ನೀನೇ ಓಡಿಸ್ಕೋ. ಪಿಂಡ ಇಡೋ ತನಕ ಕರ್ತೃವಿನ ಬಾಯಿಗೆ ಏನೂ ಹೋಗೋ ಹಾಗಿಲ್ಲ. ಅದರಲ್ಲೂ ಆ ಹಾಳು ಗುಳಿಗೆ.”

ಹಿಂದಿನ ವರ್ಷ ಅಮ್ಮನ ಮಾತೇ ನಡೆದಿತ್ತು. ಬ್ರಾಹ್ಮಣರ ಊಟ ಮುಗಿಯುವ ಹೊತ್ತಿಗೆ ಕೇಂದ್ರ ಮುಚ್ಚಿತ್ತು. ಸಂಜೆಗೆ ತಮ್ಮನ ಮೂಗು ಸೋರಿತು, ಮೈ ನಡುಗಿತು. ಚಪ್ಪಲಿ ಮೆಟ್ಟಿಕೊಂಡು ಹೊರಟವನನ್ನು ವಾರಗಳಾದ ಮೇಲೆ ಒಂದು ಫ್ಲೈಓವರಿನ ಕೆಳಗಿಂದ ಎಬ್ಬಿಸಿ ತಂದೆ. ಇನ್ನೊಂದು ಸಲ ಹೋದರೆ ಅವನು ಸಿಗುತ್ತಾನೆಂಬ ನಂಬಿಕೆ ನನಗಿರಲಿಲ್ಲ.

“ಬೈಯೋದಿದ್ರೆ ಬಂದ್ಮೇಲೆ ಬೈ,” ಎಂದು ಅಮ್ಮನಿಗೆ ಹೇಳಿ ತಮ್ಮನ ರಟ್ಟೆ ಹಿಡಿದೆ.

“ಛೋಡೋ ನಾ ಅಕ್ಕಾ. ಒಂದು ದಿನ ತಾನೆ? ಕ್ಯಾ ಫರಕ್ ಪಡ್ತಾ ಹೈ?”

“ಹೋದ್ವರ್ಷ ಎಷ್ಟು ಫರಕ್ ಬಿತ್ತು ಅಂತ ನೋಡಿದೀನಿ. ಬಾಯ್ಮುಚ್ಕೊಂಡು ಆಟೋ ಹತ್ತು.”

ನಾವು ಮರಳಿದಾಗ ಅಮ್ಮ ನನ್ನ ಮುಖ ನೋಡಲಿಲ್ಲ. ತಮ್ಮನ ತಲೆಯ ಮೇಲೆ ಇನ್ನೊಮ್ಮೆ ನೀರು ಸುರಿಸಿ, ಮಡಿ ಪಂಚೆ ಉಡಿಸಿ, ಒಲೆಯ ಮುಂದೆ ಹೋಗಿ ನಿಂತಳು. ಪುರೋಹಿತರು ಬಂದರು, ಕರ್ಮ ಶುರುವಾಯಿತು. ತಂದೆಯ ಹೆಸರು, ತಾತನ ಹೆಸರು, ಮುತ್ತಾತನ ಹೆಸರು ಹೇಳಬೇಕು. ತಮ್ಮ ಅಪ್ಪನ ಹೆಸರು ಹೇಳಿದ.

“ಪಿತಾಮಹರ ಹೆಸರು?”

ತಮ್ಮ ಬಾಯಿ ತೆರೆದ. ಮುಚ್ಚಿದ. ನನ್ನ ಕಡೆ ನೋಡಿದ. ನಮ್ಮಲ್ಲಿ ಮೊದಲ ಮೊಮ್ಮಗನಿಗೆ ತಾತನ ಹೆಸರಿಡುತ್ತಾರೆ. ಅವನು ತಡಕಾಡುತ್ತಿದ್ದದ್ದು ಅವನದೇ ಹೆಸರಿಗಾಗಿ. ಮರೆತದ್ದು ನಿದ್ದೆಗೆಟ್ಟದ್ದಕ್ಕೋ, ಗಾಬರಿಗೋ, ವೈರಸ್ಸಿಗೋ, ಯಾವುದಕ್ಕೆಂದು ನನ್ನ ಓದು ಹೇಳಲಿಲ್ಲ. ನಾನೇ ಹೇಳಿಕೊಡಲೆಂದು ಒಂದು ಹೆಜ್ಜೆ ಮುಂದಿಟ್ಟೆ.

ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿನಿಂದ ಅಮ್ಮ ಆ ಹೆಸರನ್ನು ಹೇಳಿದಳು. ಮಾವನ ಹೆಸರನ್ನು ಸೊಸೆ ಬಾಯಲ್ಲಿ ಆಡಬಾರದೆಂದು ಹೆತ್ತ ಮಗನನ್ನೂ ಅಡ್ಡಹೆಸರಿನಿಂದಲೇ ಕರೆಯುತ್ತ ಬಂದವಳು ಅವಳು. ಪುರೋಹಿತರು ತಲೆಯೆತ್ತಿ ನೋಡಿ ಮಂತ್ರ ಮುಂದುವರಿಸಿದರು.

ಊಟವಾಗಿ ಎಲ್ಲರೂ ಹೋದ ಮೇಲೆ ಅಮ್ಮ ಪಾತ್ರೆ ತೊಳೆಯುತ್ತಿದ್ದಳು. ಪಕ್ಕದಲ್ಲಿ ನಿಂತು ಎಲ್ಲವನ್ನೂ ಹೇಳಿದೆ: ಎಚ್‌ಐವಿ ಇರುವುದನ್ನು, ಅದು ಮಿದುಳಿಗೂ ಹೋಗುವುದನ್ನು, ಅದಕ್ಕೆ ಬೇರೆ ಔಷಧ ನಡೆಯುತ್ತಿರುವುದನ್ನು, ಈ ಗುಳಿಗೆ ತಪ್ಪಿ ಅವನು ಬೀದಿಗೆ ಹೋದರೆ ಆ ಔಷಧವೂ ತಪ್ಪುವುದನ್ನು. ಅಮ್ಮ ನಲ್ಲಿ ನಿಲ್ಲಿಸಿ ಅಲ್ಲೇ ನೆಲದ ಮೇಲೆ ಕೂತಳು. ಎಷ್ಟೋ ಹೊತ್ತು ಕೈಯಲ್ಲಿದ್ದ ಸೌಟನ್ನೇ ಒರೆಸಿದಳು.

“ನನ್ನ ತಿಥಿ ಮಾಡೋ ಹೊತ್ತಿಗೆ ಅವನಿಗೆ ನನ್ನ ಹೆಸರು ನೆನಪಿರುತ್ತೇನೇ?”

ಸುಳ್ಳು ಹೇಳಬಹುದಿತ್ತು. “ಎರಡು ಔಷಧಾನೂ ತಪ್ಪದಿದ್ರೆ ತಿಥಿ ಮಾಡೋಕೆ ಅವನಿರ್ತಾನೆ. ಹೆಸರಿನ ವಿಷಯ ನಂಗೊತ್ತಿಲ್ಲಮ್ಮ. ಅದನ್ನೇ ಲ್ಯಾಬಲ್ಲಿ ಹುಡುಕ್ತಿದೀನಿ. ಬಿಡಲ್ಲ.”

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಎದ್ದು ಉಳಿದ ಪಾತ್ರೆ ತೊಳೆದಳು.

ಮರುದಿನ ನಾನು ತಮ್ಮನನ್ನು ಎಬ್ಬಿಸಲು ಹೋದರೆ ಅವನು ಆಗಲೇ ಸ್ನಾನ ಮಾಡಿ ನಿಂತಿದ್ದ. ಅಮ್ಮ ಆಫೀಸಿನ ಸೀರೆ ಉಟ್ಟು, ಬ್ಯಾಗು ಹೆಗಲಿಗೇರಿಸಿ ಬಾಗಿಲಲ್ಲಿದ್ದಳು.

“ನೀನು ಲ್ಯಾಬಿಗೆ ಹೋಗು. ಇವನನ್ನ ಇನ್ಮೇಲೆ ನಾನು ಕರ್ಕೊಂಡು ಹೋಗ್ತೀನಿ,” ಎಂದಳು. ಮೆಟ್ಟಿಲಿಳಿಯುವಾಗ ತಮ್ಮ ಹಿಂದುಳಿದ. ಅಮ್ಮ ತಿರುಗಿ, ಇಡೀ ಬ್ಲಾಕಿಗೆ ಕೇಳುವಂತೆ, ತನ್ನ ಮಾವನ ಹೆಸರಿನಿಂದಲೇ ಮಗನನ್ನು ಕೂಗಿದಳು. ಅವನು “ಹ್ಞಾ ಅಮ್ಮಾ” ಎನ್ನುವ ತನಕ ಕೂಗುತ್ತಲೇ ಇದ್ದಳು.