ಎಕ್ಕದ ಹಾಲು, ಖಾನಾಪುರದ ಬಸ್ಸು

ಕಾರ್ತಿಕ ಮಾಸದ ಒಂದು ಸೋಮವಾರ, ಸ್ನಾನ ಸಂಧ್ಯಾವಂದನೆಗಳನ್ನು ಬೇಗನೆ ಮುಗಿಸಿ, ಬೆಳಗಾವಿಯ ಅನಗೋಳದ ನಮ್ಮ ಮನೆಯಿಂದ ಖಾನಾಪುರಕ್ಕೆ ಹೊರಟೆ. ಇದು ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ನಮ್ಮ ಮನೆಗೆ ಆಗ ಫೋನು ಬಂದಿರಲಿಲ್ಲ. ಹಿಂದಿನ ಸಂಜೆ ನೆರೆಯವರ ಫೋನಿಗೆ, ಖಾನಾಪುರದ ಎಸ್‌ಟಿಡಿ ಬೂತಿನಿಂದ, ನನ್ನ ತಮ್ಮ ವಾಮನನ ಹೆಂಡತಿ ರಮಾಬಾಯಿ ಮಾತನಾಡಿದ್ದಳು.

“ಭಾವನವರ, ಇವ್ರಿಗೆ ನಿನ್ನೆಯಿಂದ ಕಣ್ಣು ಕಾಣವಲ್ದು. ನೋವಿಲ್ಲ, ಏನಿಲ್ಲ. ಬರೇ ಮಂಜು ಅಂತಾರ. ಅಣ್ಣಗ ಹೇಳಬ್ಯಾಡ ಅಂದ್ರು. ನಾ ಕೇಳಲಿಲ್ಲ.”

ವಾಮನನ ಎಡಗಣ್ಣು ಬಾಲ್ಯದಲ್ಲಿಯೇ ಸಿಡುಬಿಗೆ ಹೋಗಿತ್ತು. ಉಳಿದದ್ದು ಬಲಗಣ್ಣು ಒಂದೇ. ಆ ಒಂದು ಕಣ್ಣಿನಿಂದಲೇ ಅವನು ಅರುವತ್ತು ವರ್ಷಗಳನ್ನು ನಡೆಸಿದ್ದ. ಊರಂಚಿನ ಮಾರುತಿ ಗುಡಿಯ ಪೂಜೆಯನ್ನೂ ಸಂಜೆಯ ಪುರಾಣವನ್ನೂ ನಡೆಸಿದ್ದ. ಫೋನು ಕೆಳಗಿಟ್ಟ ಮೇಲೆ ಆ ರಾತ್ರಿ ನನ್ನ ಜಪದಲ್ಲಿ ಎಣಿಕೆ ಹಲವು ಸಲ ತಪ್ಪಿತು.

ಮೂರನೆಯ ರೈಲ್ವೆ ಗೇಟಿನ ಬಳಿ ನಿಂತು ಸರಕಾರಿ ಬಸ್ಸು ಹಿಡಿದೆ. ಇಪ್ಪತ್ತೈದು ಕಿಲೋಮೀಟರಿನ ದಾರಿ. ಹತ್ತು ರೂಪಾಯಿಯೊಳಗೆ ಮುಗಿಯುವ ಪ್ರಯಾಣ. ಉದ್ಯಮಬಾಗದ ಎರಕದ ಕಾರ್ಖಾನೆಗಳಿಗೆ ಹೋಗುವವರು ಇಳಿದರು, ಮಚ್ಛೆಗೆ ಹೋಗುವವರು ಹತ್ತಿದರು. ಮಚ್ಛೆಯಾಚೆ ಚಳಿ ಹೆಚ್ಚಿತು. ಕೊಯ್ಲಾದ ಭತ್ತದ ಗದ್ದೆಗಳ ಮೇಲೆ ಮಂಜು ಇನ್ನೂ ಮಲಗಿತ್ತು. ಮುಂದೆ ಹೆಂಚಿನ ಭಟ್ಟಿಗಳ ಹೊಗೆಕೊಳವೆಗಳು ಮಂಜಿನ ಮೇಲಕ್ಕೆ ತುದಿ ಮಾತ್ರ ತೋರಿಸಿ ನಿಂತಿದ್ದವು. ಬೇರೆ ದಿನವಾಗಿದ್ದರೆ ಕೈಮುಗಿದು ನೋಡಬೇಕಾದ ನೋಟ. ಅಂದು ‘ಮಂಜು’ ಎಂಬ ಮಾತೇ ಎದೆಗೆ ಚುಚ್ಚುತ್ತಿತ್ತು.

ವಾಮನ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದ. ನನ್ನ ಹೆಜ್ಜೆಯ ಸಪ್ಪಳ ಕೇಳಿ ಎದ್ದು, ನಾನಿದ್ದ ಕಡೆಗಿಂತ ಸ್ವಲ್ಪ ಬದಿಗೆ ನಮಸ್ಕಾರ ಮಾಡಿದ. ಅದನ್ನು ಕಂಡು ರಮಾಬಾಯಿ ಒಳಗೆ ಹೋದಳು.

“ಏನಾತೋ?” ಎಂದೆ.

“ಶನಿವಾರ ಗುಡಿಯಿಂದ ಬರಬೇಕಾದ್ರ ಮಂಜು ಭಾಳ ಬಿದ್ದದ ಅನಕೊಂಡೆ. ಮನೀಗೆ ಬಂದು ಕಟ್ಟೀಮ್ಯಾಲೆ ಕೂತೆ. ಬೆನ್ನಿಗೆ ಬಿಸಿಲು ಚುರುಚುರು ಅಂತು. ಮಂಜು ಮಾತ್ರ ಹೋಗವಲ್ದು. ಅವಾಗ ಗೊತ್ತಾತು.”

ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದ. ಅಂದು ಗುಡಿ ಬಿಡುವ ಮುನ್ನ ನಂದಾದೀಪದ ಕಡೆ ನೋಡಿದಾಗ ಅದರ ಸುತ್ತ ಕಾಮನಬಿಲ್ಲಿನ ಬಣ್ಣದ ಉಂಗುರವೊಂದು ಕಂಡಿತಂತೆ. ಮಾರುತಿಯ ದರ್ಶನವಾಯಿತೆಂದು ತಿಳಿದು ಸಾಷ್ಟಾಂಗ ಬಿದ್ದನಂತೆ. “ನೋಡಬಾರದ್ದು ನೋಡಿದೆ ಅಂತ ಕಣ್ಣು ತಗೊಂಡನೇನೋ ಅಣ್ಣಾ. ಅದಕ್ಕ ಡಾಕ್ಟರ ಕಡೆ ಹೋಗೂದು ಬ್ಯಾಡ ಅನಿಸ್ತದ.”

ಭಗವಂತನ ಲೀಲೆಯನ್ನು ಇಂಥದು, ಅಂಥದಲ್ಲ ಎಂದು ನಿರ್ಣಯಿಸಲು ನಾನು ಯಾರು? ಆದರೆ ದರ್ಶನ ಕೊಟ್ಟು ಕಣ್ಣು ಕಿತ್ತುಕೊಳ್ಳುವ ದೇವರನ್ನು ನಮ್ಮ ತಂದೆಯವರು ನಮಗೆ ಕಲಿಸಿರಲಿಲ್ಲ. ಅದನ್ನೇ ಹೇಳಿದೆ. ರಮಾಬಾಯಿ ಒಗ್ಗರಣೆ ಅವಲಕ್ಕಿ ತಂದಿಟ್ಟು, “ಭಾವನವರು ಹೇಳಿದ್ದರ ಕೇಳ್ರಿ. ನಾ ಹೇಳಿ ಹೇಳಿ ಬಾಯಿ ಒಣಗೇದ,” ಎಂದಳು. ವಾಮನ ಅವಲಕ್ಕಿ ತಿಂದು, ಕಣ್ಣಿಗೆ ತೆಳುವಾದ ಬಟ್ಟೆ ಕಟ್ಟಿಸಿಕೊಂಡು ನನ್ನ ಕೈಹಿಡಿದು ಹೊರಟ.

ಬೆಳಗಾವಿಗೆ ಮರಳುವ ಬಸ್ಸಿನಲ್ಲಿ ಕುಳಿತುಕೊಳ್ಳಲು ಜಾಗ ಸಿಕ್ಕಿತು. ಮಚ್ಛೆಯ ಹತ್ತಿರ ಬರುವಾಗ ಹಿಂದಿನ ಗಾಲಿ ಪಂಕ್ಚರಾಯಿತು. ಕಂಡಕ್ಟರು ಇಳಿದು ನೋಡಿ, “ಕೆಳಗ ಇಳೀರಿ ಎಲ್ಲಾರೂ. ಅರ್ಧಾ ತಾಸು ಐತಿ. ಚಾ ಕುಡಿಯವರು ಕುಡೀರಿ, ಬೈಯವರು ಬೈರಿ,” ಎಂದು ತಾನೇ ನಕ್ಕ. ವಾಮನನನ್ನು ಒಂದು ಕಾರ್ಖಾನೆಯ ಗೋಡೆಯ ನೆರಳಿಗೆ ಕರೆದೊಯ್ದು ಕಲ್ಲಿನ ಮೇಲೆ ಕೂರಿಸಿದೆ. ಕೂರುವಾಗ ಆಸರೆಗೆಂದು ಚಾಚಿದ ಅವನ ಕೈ ಪಕ್ಕದ ಗಿಡದ ಎಲೆಗೆ ತಗುಲಿತು. ಬೂದಿ ಸವರಿದಂತೆ ಮೆತ್ತಗಿದ್ದ ದಪ್ಪ ಎಲೆ.

“ಇದು ರುಯಿ ಅಲ್ಲಾ?” ಎಂದ. ನಾವು ಎಕ್ಕವೆನ್ನುವ ಗಿಡಕ್ಕೆ ಖಾನಾಪುರದ ಕಡೆ ಮರಾಠಿಯ ರುಯಿ ಎಂಬ ಹೆಸರೇ ರೂಢಿ. ಶನಿವಾರ ಮಾರುತಿಗೆ ಅದರ ಎಲೆಗಳ ಮಾಲೆ ಹಾಕುವುದು ಆ ಕಡೆಯ ಪದ್ಧತಿ. ಎಲೆಯಲ್ಲಿ ತೂತಿರಬಾರದು, ಹುಳು ಮುಟ್ಟಿರಬಾರದು. ದೇವರಿಗೆ ಅಖಂಡವಾದ ಎಲೆಯೇ ಆಗಬೇಕು. ವಾಮನ ಅದನ್ನು ನಲವತ್ತು ವರ್ಷಗಳಿಂದ ತಾನೇ ಆರಿಸಿ ಪೋಣಿಸುತ್ತಿದ್ದ.

“ಹೌದು, ರುಯಿ. ನಿನ್ನ ಮಾಲಿಗೆ ಬರೂದಿಲ್ಲ. ಹುಳ ಅದ,” ಎಂದೆ.

“ಎಂಥಾ ಹುಳ?”

ಕಾಣದವನಿಗೆ ಹೇಳಬೇಕಾಗಿ ಬಂದುದರಿಂದಲೇ ನಾನು ಬಾಗಿ ಸರಿಯಾಗಿ ನೋಡಿದೆ. ಇಲ್ಲವಾದರೆ ಆಯುಷ್ಯದಲ್ಲಿ ನೋಡುತ್ತಿರಲಿಲ್ಲ. ಕಿರುಬೆರಳಿನಷ್ಟು ಉದ್ದದ ಹುಳು. ಕಪ್ಪು, ಬಿಳಿ, ಹಳದಿ ಪಟ್ಟೆಗಳು. ಅದು ಎಲೆಯ ಅಂಚಿಗೆ ಬಾಯಿ ಹಾಕಿರಲಿಲ್ಲ. ತೊಟ್ಟಿನ ಸಮೀಪ, ಎಲೆಯ ನಡುನರವನ್ನು ಕಚ್ಚುತ್ತಿತ್ತು. ಒಮ್ಮೆ ಕಚ್ಚುವುದು, ಬಿಳಿಯ ಹಾಲು ಉಕ್ಕಿದೊಡನೆ ತಲೆ ಹಿಂದಕ್ಕೆಳೆದು ಬಾಯನ್ನು ಎಲೆಗೆ ಒರೆಸುವುದು, ಮತ್ತೆ ಕಚ್ಚುವುದು. ನರ ತುಂಡಾಗಿ ಹಾಲೆಲ್ಲ ಅಲ್ಲಿಯೇ ತೊಟ್ಟಿಕ್ಕಿ ಹೋದ ಮೇಲೆ ಹುಳು ಮೆಲ್ಲಗೆ ಎಲೆಯ ತುದಿಗೆ ಸರಿದು, ಹಾಲು ತಲುಪದ ಭಾಗವನ್ನು ನಿಶ್ಚಿಂತೆಯಿಂದ ತಿನ್ನತೊಡಗಿತು. ನಾನು ಕಂಡದ್ದನ್ನೆಲ್ಲ ಅವನಿಗೆ ಬಿಡಿಸಿ ಹೇಳಿದೆ.

ವಾಮನ ತನ್ನ ಎರಡೂ ಕೈಗಳನ್ನು ಮುಂದೆ ಹಿಡಿದು, “ಅಣ್ಣಾ, ಶನಿವಾರ ನನ್ನ ಕೈ ಪೂರಾ ಹಾಲಾಗಿತ್ತು. ಹುಳಾ ಹತ್ತಲಾರದ ಎಲೀನೇ ಹುಡುಕಿ ಹುಡುಕಿ ಹರದೆ. ಉಟ್ಟ ಮಡಿ ಪಂಜಿಗೆ ಕೈ ಒರಸಿದೆ. ಬೆವರು ಕಣ್ಣಾಗ ಇಳೀತು. ಅದೇ ಪಂಜಿ ಚುಂಗಿಲೆ ಕಣ್ಣು ಒರಸಿಕೊಂಡೆ,” ಎಂದ.

“ಬ್ಯಾರೆ ವಸ್ತ್ರ ಇರಲಿಲ್ಲೇನು?”

“ಗೂಟಕ್ಕ ಟವೆಲ್ ಇತ್ತು. ಮೈಲಿಗಿ ಟವೆಲ್. ಮಡಿಯೊಳಗ ಅದನ್ನ ಹ್ಯಾಂಗ ಮುಟ್ಟಲಿ?” ಹಾಗೆಂದವನೇ, “ಹುಳಕ್ಕಿದ್ದ ಬುದ್ಧಿ ನನಗ ಇರಲಿಲ್ಲ ನೋಡು,” ಎಂದು ಮೊದಲ ಸಲ ನಕ್ಕ. ಎರಡು ದಿನಗಳಿಂದ ಶಾಪವೆಂದು ಹೊತ್ತಿದ್ದ ಭಾರಕ್ಕೆ ಒಂದು ಲೌಕಿಕ ಕಾರಣ ಸಿಕ್ಕಿತಲ್ಲ ಎಂಬ ಹಗುರವೂ ಆ ನಗೆಯಲ್ಲಿತ್ತು. ಕಣ್ಣು ಬರುವುದೋ ಇಲ್ಲವೋ ಎಂಬುದು ಮಾತ್ರ ಹಾಗೆಯೇ ಉಳಿದಿತ್ತು.

ಬೆಳಗಾವಿಯ ದಂಡಿನ ಬಡಾವಣೆ ಕ್ಯಾಂಪಿನ ಒಂದು ಹಳೆಯ ಬಂಗಲೆಯಲ್ಲಿ ಕಣ್ಣಿನ ದವಾಖಾನೆ. ವೈದ್ಯೆ ಐವತ್ತರ ಆಸುಪಾಸಿನ ಜೈನ ಹೆಣ್ಣುಮಗಳು. ಮೆಲುದನಿ, ನಿಧಾನದ ಕೈ. ನಮ್ಮಿಬ್ಬರ ಜುಟ್ಟು, ಗಂಧ ನೋಡಿ, “ಬರ್ರಿ ಅಜ್ಜಾರ, ಕುಂದರ್ರಿ,” ಎಂದರು. ವಾಮನ ಹಾಲಿನ ಸಂಗತಿಯನ್ನು ತಾನೇ ಹೇಳಿದ. ಆಕೆ ಕಣ್ಣನ್ನು ಬಹಳ ಹೊತ್ತು ತೊಳೆದರು. ಹಳದಿ ಬಣ್ಣದ ಹನಿ ಹಾಕಿ ನೀಲಿ ಬೆಳಕಿನಲ್ಲಿ ನೋಡಿದರು, ಕಣ್ಣಿನೊಳಗಿನ ಒತ್ತಡವನ್ನೂ ಅಳೆದರು. ನಾನು ಬಾಗಿಲ ಬಳಿ ಕುಳಿತು ಮನಸ್ಸಿನಲ್ಲಿಯೇ ನಾಮಸ್ಮರಣೆ ಮಾಡುತ್ತಿದ್ದೆ.

“ಹಾಲಿನ ಮಾತು ಹೇಳಿದ್ದು ಭಾಳ ಚಲೋ ಆತ್ರಿ,” ಎಂದರು ಕೊನೆಗೆ. “ಬರೇ ದೀಪದ ಸುತ್ತ ಉಂಗುರ ಕಾಣ್ತೈತಿ ಅಂದಿದ್ರ ನಾ ಒತ್ತಡದ ರೋಗ ಅಂತ ಹೆದರತಿದ್ದೆ. ಒತ್ತಡ ಸರಿ ಐತಿ. ಕಣ್ಣಿನ ಮ್ಯಾಲಿನ ಗಾಜಿನಂಥಾ ಪದರು ಬಾತೈತಿ, ಅಷ್ಟ. ಅದು ಇಳೀತೈತಿ. ಕಣ್ಣು ಬರತೈತ್ರಿ ಅಜ್ಜಾರ.”

ಆ ಮಾತು ಕೇಳಿ ನನ್ನ ಕೈಗಳು ತಾವಾಗಿಯೇ ಮುಗಿದುಕೊಂಡವು. ವಾಮನ ಮಾತ್ರ ಕುಳಿತಲ್ಲಿಂದಲೇ ಕೇಳಿದ: “ಹಂಗಾದ್ರ ನಾ ದೀಪದಾಗ ಕಂಡಿದ್ದು?”

ಆಕೆ ನಗಲಿಲ್ಲ. “ಬಾತ ಪದರಿನಾಗ ಬೆಳಕು ಹಾದು ಬಂದ್ರ ಬಣ್ಣ ಒಡೀತಾವ. ಅದು ಗಿಡದ ಹಾಲಿನ ಕೆಲಸ. ನೀವು ಕೈಮುಗದದ್ದು ನಿಮ್ಮ ಕೆಲಸ. ಅದೇನು ಸುಳ್ಳಾಗೂದಿಲ್ಲ.”

ನಾನು ಮಚ್ಛೆಯ ಹುಳುವಿನ ಸಂಗತಿ ಹೇಳಿದಾಗ ಆಕೆ ಕುರ್ಚಿಯನ್ನು ನಮ್ಮ ಕಡೆ ತಿರುಗಿಸಿಕೊಂಡರು. ಗಿಡಕ್ಕೆ ಓಡಲು ಕಾಲಿಲ್ಲ, ಕೂಗಲು ಬಾಯಿಲ್ಲ. ಆದ್ದರಿಂದ ಅದು ನರನರದಲ್ಲಿ ಹಾಲನ್ನು ಒತ್ತಿ ತುಂಬಿಟ್ಟುಕೊಂಡಿರುತ್ತದೆ, ಕಚ್ಚಿದ ಹುಳುವಿನ ಬಾಯಿ ಅಂಟಿ ಮುಚ್ಚುತ್ತದೆ, ವಿಷವೂ ಏರುತ್ತದೆ ಎಂದು ವಿವರಿಸಿದರು. ಈ ಪಟ್ಟೆಯ ಹುಳು ನರ ಕಡಿದು ಹಾಲನ್ನು ಹರಿಯಬಿಡುತ್ತದೆ. ಮೈಗೆ ಸೇರಿದಷ್ಟು ವಿಷದಿಂದ ಅದಕ್ಕೆ ಕೇಡಿಲ್ಲ. ಅದನ್ನು ತಿಂದ ಹಕ್ಕಿಗೆ ಮಾತ್ರ ವಾಂತಿ. “ಹುಳ ತಿಂದ ಎಲ್ಯಾಗ ಹಾಲು ಹೋಗಿರತೈತಿ. ನೀವು ದೇವ್ರಿಗಂತ ಆರಿಸಿದ್ದು ಪೂರಾ ತುಂಬಿದ್ದನ್ನ,” ಎಂದರು. ತುಳಸಿಯ ಗಂಧ, ಬೇವಿನ ಕಹಿ, ಇವೂ ಹುಳುಗಳನ್ನು ದೂರವಿಡಲು ಗಿಡಗಳು ಮಾಡಿಕೊಂಡ ಏರ್ಪಾಡುಗಳೇ ಎಂದು ಸೇರಿಸಿದರು.

ನಾನು ನಿತ್ಯ ದೇವರ ಪಾದಕ್ಕೇರಿಸುವ ತುಳಸಿಯ ಪರಿಮಳ ಅದರ ಕವಚವೆಂದು ಅಂದಿನವರೆಗೆ ಯೋಚಿಸಿರಲಿಲ್ಲ. ಒಂದು ಮೂಕ ಜೀವ ತನ್ನನ್ನು ಕಾಯ್ದುಕೊಳ್ಳಲು ಇಟ್ಟುಕೊಂಡದ್ದನ್ನೇ ನಾವು ಕಿತ್ತು ಅರ್ಪಿಸುತ್ತೇವೆ. ಆ ಕವಚವನ್ನು ಕೊಟ್ಟವನೂ ಅವನೇ. ಹಾಗೆ ಯೋಚಿಸಿದಾಗ ಎಲೆ ಹರಿಯುವ ಕೈಗೆ ಇನ್ನಷ್ಟು ವಿನಯ ಬೇಕೆನಿಸಿತು.

ಹೊರಡುವಾಗ ಆಕೆ ವಾಮನನಿಗೆ, “ನಮ್ಮ ಬಸದ್ಯಾಗೂ ಮಡಿ ಐತ್ರಿ, ನನಗ ತಿಳೀತೈತಿ. ಖರೇ, ಹಾಲು ಹತ್ತಿದ ಕೂಡ್ಲೇ ನಲ್ಲಿ ನೀರಾದ್ರೂ ಸರಿ, ತೊಳಕೋರಿ. ಮತ್ತ ಜಳಕಾ ಮಾಡಿ ಮಡಿ ಉಡಬಹುದು. ಮತ್ತೊಂದು ಕಣ್ಣು ಎಲ್ಲಿಂದ ತರೂಣು?” ಎಂದರು.

ಎಂಟು ಹತ್ತು ದಿನ ವಾಮನ ಅನಗೋಳದಲ್ಲಿ ನಮ್ಮ ಮನೆಯಲ್ಲಿಯೇ ಉಳಿದ. ಹೊತ್ತು ಹೊತ್ತಿಗೆ ಹನಿ ಹಾಕುವುದು ನನ್ನ ಪಾಲಿನ ಸೇವೆ. ಮೊದಲೆರಡು ದಿನ ಬದಲಾವಣೆ ಕಾಣಲಿಲ್ಲ. ನಾನು ಆತಂಕವನ್ನು ತೋರಗೊಡದೆ ನುಂಗಿಕೊಂಡೆ. ಆಮೇಲೊಂದು ಬೆಳಗ್ಗೆ ಊಟದ ಮಣೆಯ ರಂಗೋಲಿಯ ಗೆರೆ ಕಂಡಿತೆಂದ. ಮತ್ತೊಂದು ದಿನ ಸಾರಿನಲ್ಲಿ ಸಾಸಿವೆ ಕಂಡಿತೆಂದ. ಇನ್ನೊಂದು ದಿನ ನನ್ನ ಮುಖವನ್ನೇ ದಿಟ್ಟಿಸಿ, “ಅಣ್ಣಾ, ನೀ ಭಾಳ ಮುದುಕ ಆಗೀದಿ,” ಎಂದ. ಅಷ್ಟು ಸಂತೋಷ ಕೊಟ್ಟ ನಿಂದೆಯನ್ನು ನಾನು ಕೇಳಿದ್ದಿಲ್ಲ.

ವೈದ್ಯೆಯ ಅಪ್ಪಣೆ ಪಡೆದು ಅವನನ್ನು ಖಾನಾಪುರಕ್ಕೆ ಬಿಡಲು ಹೋದೆ. ಈ ಸಲ ಕಿಟಕಿಯ ಬದಿಯ ಜಾಗವನ್ನು ಅವನಿಗೇ ಕೊಟ್ಟೆ. ದಾರಿಯುದ್ದಕ್ಕೂ ಬಣವೆ, ಎಮ್ಮೆ, ಒಣಗಲು ಹಾಕಿದ ಹಸಿ ಹೆಂಚುಗಳನ್ನು ಒಂದೊಂದಾಗಿ ನನಗೆ ಹೇಳುತ್ತ ಬಂದ. ನಾನು ಕುರುಡನೋ ಎಂಬಂತೆ. ರಮಾಬಾಯಿ ಬಾಗಿಲಲ್ಲಿ ನಿಂತಿದ್ದಳು. ಅವನು ನೇರವಾಗಿ ಅವಳ ಮುಂದೆ ಹೋಗಿ, “ಹೊಸಾ ಸೀರಿ ಏನು?” ಎಂದ. “ಹಳೇದs. ನೀವು ಈಗ ನೋಡಿದ್ರಿ,” ಎಂದಳು.

ಊಟ ಮುಗಿಸಿ ಮಧ್ಯಾಹ್ನ ನಾನು ಮರಳಿದೆ. ನಾನು ಬೇಡವೆಂದರೂ ಕೇಳದೆ ವಾಮನ ನಿಲ್ದಾಣದವರೆಗೆ ಬಂದ. ಬಸ್ಸೊಂದು ತಿರುಗಿ ಬಂದು ನಿಂತಿತು. ಜನ ನುಗ್ಗಿದರು. ನಾನೂ ಚೀಲ ಹಿಡಿದು ಮೆಟ್ಟಿಲ ಮೇಲೆ ಕಾಲಿಟ್ಟೆ. ಹಿಂದಿನಿಂದ ಅವನ ಕೈ ನನ್ನ ಹೆಗಲ ಮೇಲೆ ಬಿತ್ತು.

“ಎಲ್ಲಿಗೆ ಹೊಂಟೀ ಅಣ್ಣಾ? ಬೋರ್ಡ ನೋಡು. ಅದು ಜಾಂಬೋಟಿ ಬಸ್ಸು. ಬೆಳಗಾವೀದು ಅಲ್ಲಿ ಅದ, ಆ ಬೇವಿನ ಗಿಡದ ಕೆಳಗ.”

ನೋಡಿದೆ. ಬೇವಿನ ಮರ ನನಗೆ ಕಂಡಿತು. ಅದರಡಿಯ ಬಸ್ಸಿನ ಹಲಗೆಯ ಅಕ್ಷರಗಳು ಕಾಣಲಿಲ್ಲ. ಅವನು ನನ್ನ ಕೈಹಿಡಿದು ಅಲ್ಲಿಗೆ ಕರೆದೊಯ್ದು, ಸೀಟು ಹಿಡಿದು ಕೂರಿಸಿ, ಕೆಳಗಿಳಿದ. ಬಸ್ಸು ಹೊರಟು ತಿರುವು ತೆಗೆದುಕೊಳ್ಳುವಾಗ ಕಿಟಕಿಯಿಂದ ಹಿಂದಕ್ಕೆ ನೋಡಿದೆ. ಅವನು ಯಾರ ಆಸರೆಯೂ ಇಲ್ಲದೆ ರಸ್ತೆ ದಾಟಿ, ಬಾಳೆಹಣ್ಣಿನ ಗಾಡಿಯ ಮುಂದೆ ನಿಂತು, ಒಂದು ಚಿಪ್ಪು ಹಣ್ಣನ್ನು ಎತ್ತಿ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದ.