ಕೆರೆಗೆ ಕಟ್ಟಿದ ಬೆಲೆ

ನನ್ನ ಮಾತನ್ನು ಮನೆಯಲ್ಲಿ ಯಾರೂ ಕೇಳುವುದಿಲ್ಲ. ಕಾಲೇಜಿನಲ್ಲಿ ಹಾಜರಿಗೋಸ್ಕರ ಕೇಳುತ್ತಾರೆ. ನಾಗಮಂಗಲದಲ್ಲಿ ಅರ್ಥಶಾಸ್ತ್ರದ ಮೇಷ್ಟ್ರಾಗಿ ಇಷ್ಟು ವರ್ಷ ಮಾತಾಡಿದ್ದರಲ್ಲಿ, ಗಮನವಿಟ್ಟು ಕೇಳಿ, ತಲೆದೂಗಿ, ಮರುವಾರವೇ ಜಾರಿಗೆ ತಂದವರೆಂದರೆ ನಮ್ಮೂರಿನ ಪಂಚಾಯಿತಿಯವರು. ಅದೂ ಒಂದೇ ವಿಷಯದಲ್ಲಿ. ಅವತ್ತು ಅವರೂ ಎಲ್ಲರ ಹಾಗೆ ಆಕಳಿಸಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

ನಮ್ಮೂರು ನಾಗಮಂಗಲದಿಂದ ಸೈಕಲ್ ತುಳಿಯುವಷ್ಟು ದೂರ. ಪಾಂಡವಪುರ, ಶ್ರೀರಂಗಪಟ್ಟಣದ ಕಡೆಯವರಿಗೆ ಕಾಲುವೆ ಉಂಟು, ಹೊಳೆ ಉಂಟು. ನಮಗಿರುವುದು ಒಂದು ಕೆರೆ. ದನ ಕುಡಿಯುವುದು, ಬಟ್ಟೆ ಒಗೆಯುವುದು, ಏರಿಯ ಕೆಳಗಿನ ನಾಲ್ಕು ಗದ್ದೆ ಬೆಳೆಯುವುದು, ಎಲ್ಲಾ ಅದರಲ್ಲೇ. ಆ ಕೆರೆಗೆ ಸಣ್ಣಯ್ಯ ನೀರುಗಂಟಿ. ತೂಬು ಎತ್ತಿ ಗದ್ದೆಗದ್ದೆಗೆ ನೀರು ಹಂಚುವುದು ಅವನಿಗೆ ತಾತನಿಂದ ಬಂದ ಕೆಲಸ. ಆದರೆ ನಾನು ಕಂಡಂತೆ ಅವನ ಮುಖ್ಯ ಕೆಲಸ ಬಯ್ಯುವುದು. ಕೆರೆಯ ಹತ್ತಿರ ಯಾರು ಕೊಳಕು ಮಾಡಿದರೂ ಏರಿಯ ಮೇಲೆ ನಿಂತು ಬಯ್ಯುತ್ತಿದ್ದ. ಊರೊಳಗೆ ಕೈಕಟ್ಟಿ ನಿಲ್ಲುತ್ತಿದ್ದ ಮನುಷ್ಯನಿಗೆ ಏರಿ ಹತ್ತಿದೊಡನೆ ಜಾತಿ, ಜಮೀನು, ವಯಸ್ಸು ಯಾವುದೂ ಕಣ್ಣಿಗೆ ಬೀಳುತ್ತಿರಲಿಲ್ಲ. ಒಮ್ಮೆ ಸೈಕಲ್ ತೊಳೆಯಲು ನೀರಿಗಿಳಿಸಿದ ನನಗೂ ಆಗಿದೆ ಮಂಗಳಾರತಿ.

ಆಗ ತೆಂಗಿನ ನಾರಿಗೆ ಗಿರಾಕಿ ಕುದುರಿದ ಕಾಲ. ನನ್ನ ಓರಗೆಯ ಬೋರೇಗೌಡ ನಾರು ಬಿಡಿಸುವ ಸಣ್ಣದೊಂದು ಯಂತ್ರ ಇಟ್ಟ. ತೆಂಗಿನಕಾಯಿ ಸುಲಿದ ಮಟ್ಟೆ ನೀರಿನಲ್ಲಿ ತಿಂಗಳುಗಟ್ಟಲೆ ನೆನೆದರೆ ನಾರು ಹದವಾಗುತ್ತದೆ; ನೀರು ಮಾತ್ರ ಕಪ್ಪಾಗಿ ಕೊಳೆಯುತ್ತದೆ. ನಮ್ಮ ಭಾಷೆಯಲ್ಲಿ ನಾರು ಎಂಬ ಮಾತಿಗೆ ಎರಡು ಅರ್ಥ ಇರುವುದು ಸುಮ್ಮಸುಮ್ಮನೆ ಇರಲಾರದು. ಬೋರೇಗೌಡ ಕೆರೆಯ ಮೂಲೆಗೆ ಒಂದು ಗಾಡಿ ಮಟ್ಟೆ ಸುರಿದ ದಿನವೇ ಸಣ್ಣಯ್ಯ ಅವನ ಬಾಗಿಲಿಗೆ ಹೋದ.

“ಗೌಡ, ಈ ನೀರ ನಿಮ್ಮವ್ವನೂ ಕುಡುದವ್ಳೆ. ಎತ್ತು ಮಟ್ಟೆಯ.”

ಅಷ್ಟೇ. ಬೋರೇಗೌಡ ಕೆಟ್ಟವನಲ್ಲ. ಮುಖ ತಗ್ಗಿಸಿಕೊಂಡು ಎತ್ತಿಸಿದ. ಆಮೇಲೆ ಹೊಲದಲ್ಲೇ ಗುಂಡಿ ತೋಡಿಸಿ, ಅದಕ್ಕೆ ನೀರು ಹೊರಿಸಿ ಒದ್ದಾಡುತ್ತಿದ್ದ. ಆದರೂ ಆಗೊಮ್ಮೆ ಈಗೊಮ್ಮೆ ಯಾರದೋ ಒಂದಿಷ್ಟು ಮಟ್ಟೆ ಕೆರೆಗೆ ಬೀಳುವುದು, ಸಣ್ಣಯ್ಯ ಕೂಗಾಡುವುದು, ಎತ್ತುವುದು ನಡೆದೇ ಇತ್ತು.

ಇದನ್ನು ಪಂಚಾಯಿತಿಯಲ್ಲಿ ಮಾತಿಗೆ ತೆಗೆದುಕೊಂಡಾಗ ಓದಿದವನೆಂದು ನನ್ನನ್ನೂ ಕರೆದರು. ಆ ವರ್ಷಗಳಲ್ಲಿ ದೇಶವೆಲ್ಲ ಮಾರುಕಟ್ಟೆಯ ಮಾತಾಡುತ್ತಿತ್ತು. ನಾನೂ ಹೊಸದಾಗಿ ಅದನ್ನು ಓದಿಕೊಂಡಿದ್ದೆ. ಗಾಳಿಗೆ, ನೀರಿಗೆ ಬೆಲೆಯಿಲ್ಲ, ಆದ್ದರಿಂದಲೇ ಜನ ಅದನ್ನು ಕೆಡಿಸುತ್ತಾರೆ. ಕೆಡಿಸಬೇಡ ಎಂದು ಗದರಿಸುವುದಕ್ಕಿಂತ ಕೆಡಿಸುವುದಕ್ಕೊಂದು ಶುಲ್ಕವಿಡಿ. ಬೇರೆ ದಾರಿ ಇರುವವನು ಅದನ್ನು ಹಿಡಿಯುತ್ತಾನೆ, ಇಲ್ಲದವನು ಕಟ್ಟುತ್ತಾನೆ, ಆ ಹಣದಲ್ಲಿ ಕೆರೆ ಚೊಕ್ಕಟ ಮಾಡಿಸಿ. ಹೀಗೆ ಅರ್ಧ ಗಂಟೆ ಹೇಳಿದೆ. ಈಗ ಯೋಚಿಸಿದರೆ ಇದು ಅಂಥ ಹೊಸದೇನೂ ಅಲ್ಲ. ಶ್ರೀರಂಗಪಟ್ಟಣದ ಸಂಗಮದಲ್ಲಿ ಹೊಳೆಗೊಂದು ಕಾಸೆಸೆದು ಕೈಮುಗಿದು, ಆಮೇಲೆ ನಿಶ್ಚಿಂತೆಯಿಂದ ಅದರಲ್ಲೇ ಸೋಪು ಹಚ್ಚುವವರನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಅವತ್ತು ಮಾತ್ರ ಅದು ನೆನಪಾಗಲಿಲ್ಲ.

ಎಲ್ಲರೂ ಒಪ್ಪಿದರು. ದುಡ್ಡು ಇಸಿದುಕೊಂಡು ಚೀಟಿ ಹರಿದುಕೊಡುವ ಕೆಲಸ ಸಣ್ಣಯ್ಯನಿಗೇ ಎಂದೂ ತೀರ್ಮಾನವಾಯಿತು. ಬಾಗಿಲ ಹತ್ತಿರ ನಿಂತಿದ್ದ ಅವನು ಕೇಳಿದ:

“ದುಡ್ ಕಟ್ದೋನ್ನ ನಾನು ಏನಂತ ಬಯ್ಲಿ ಮೇಷ್ಟ್ರೆ?”

“ಇನ್ನು ಬಯ್ಯೋ ತಾಪತ್ರಯವೇ ಇಲ್ಲ ಸಣ್ಣಯ್ಯ. ಚೀಟಿ ಕೊಟ್ಟರೆ ಆಯ್ತು,” ಎಂದೆ. ನಾಲ್ಕು ಜನ ನಕ್ಕರು. ನಾನೂ ನಕ್ಕೆ. ಅವನು ಚೀಟಿ ಪುಸ್ತಕವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹೋದ.

ಮೊದಲು ಬಂದವನು ಬೋರೇಗೌಡ. ಗುಂಡಿಗೆ ನೀರು ಹೊರಿಸುವುದಕ್ಕಿಂತ ಶುಲ್ಕವೇ ಅಗ್ಗ. ಅವನ ಹಿಂದೆ ಕೆ.ಆರ್. ಪೇಟೆ ರಸ್ತೆಯಿಂದಲೂ ಗಾಡಿಗಳು ಬಂದವು. ಮುಂಚೆ ಕದ್ದುಮುಚ್ಚಿ ಹಾಕುತ್ತಿದ್ದವರು ಈಗ ಹಗಲಿನಲ್ಲಿ, ಎಲೆಅಡಿಕೆ ಅಗಿಯುತ್ತಾ, ಸಣ್ಣಯ್ಯನನ್ನು ಮಾತಾಡಿಸಿಕೊಂಡೇ ಸುರಿದರು. ಕೆರೆ ಚೊಕ್ಕಟ ಮಾಡಿಸಬೇಕಾದ ಹಣದಲ್ಲಿ ಪಂಚಾಯಿತಿ ಕಟ್ಟಡಕ್ಕೆ ಸುಣ್ಣ ಹೊಡೆಸಿದರು. ಬೇಸಿಗೆ ಹೊತ್ತಿಗೆ ನೀರು ಕಾಫಿ ಕಷಾಯದ ಬಣ್ಣಕ್ಕೆ ತಿರುಗಿತು. ಒಂದು ಬೆಳಿಗ್ಗೆ ಮೀನೆಲ್ಲ ಹೊಟ್ಟೆ ಮೇಲೆ ಮಾಡಿಕೊಂಡು ತೇಲಿದವು. ಎಮ್ಮೆಗಳು ನೀರಿನ ತನಕ ಬಂದು, ಮೂಸಿ, ಹಿಂದಕ್ಕೆ ತಿರುಗಿದವು. ಅವು ಯಾವ ಸಿದ್ಧಾಂತವನ್ನೂ ಓದಿರಲಿಲ್ಲ.

ಸಣ್ಣಯ್ಯ ಮತ್ತೆ ಬೋರೇಗೌಡನ ಬಾಗಿಲಿಗೆ ಹೋದ. ಬೋರೇಗೌಡ ಜಗಳವಾಡಲಿಲ್ಲ. ಒಳಗಿಂದ ಚೀಟಿ ತಂದು ತೋರಿಸಿ, “ಬೇಜಾರ್ ಮಾಡ್ಕೋಬ್ಯಾಡ ಸಣ್ಣಯ್ಯ, ಕಟ್ಬುಟ್ಟಿವ್ನಿ ಕಣಪ್ಪ. ನೀನೇ ಕೊಟ್ಟಿದ್ದಲ್ವಾ ಇದು?” ಎಂದನಂತೆ.

ಮರುದಿನ ಕಾಲೇಜಿಗೆ ಹೊರಟವನು ಏರಿಯ ಮೇಲೆ ಸೈಕಲ್ ನಿಲ್ಲಿಸಿದೆ. ಸಣ್ಣಯ್ಯ ಎದೆಮಟ್ಟದ ಕರಿನೀರಿನಲ್ಲಿ ನಿಂತು ಮಟ್ಟೆಗಳನ್ನು ಒಂದೊಂದಾಗಿ ಎತ್ತಿ ದಡಕ್ಕೆ ಎಸೆಯುತ್ತಿದ್ದ. ಅವನು ಸಂಜೆಯವರೆಗೆ ಎಸೆದಷ್ಟನ್ನು ಒಂದು ಗಾಡಿ ಒಂದೇ ಸಲಕ್ಕೆ ಸುರಿಯುತ್ತಿತ್ತು.

“ಹೊರಗೆ ಬಾ ಸಣ್ಣಯ್ಯ. ನಾನು ಪಂಚಾಯಿತೀಲಿ ಹೇಳ್ತೀನಿ.”

ಅವನು ತಿರುಗಿ ನೋಡಲಿಲ್ಲ. “ಏಳಿ ಮೇಷ್ಟ್ರೆ. ನೀವು ಏಳುದ್ರೆ ಕೇಳ್ತಾರೆ.”

ಅದರಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಪಂಚೆ ಎತ್ತಿ ಕಟ್ಟಿ ನಾನೂ ಇಳಿಯಬಹುದಿತ್ತು. ಮೊದಲನೆಯ ಪೀರಿಯಡ್ಡಿಗೆ ಹೊತ್ತಾಗುತ್ತದೆಂದು ಸೈಕಲ್ ಹತ್ತಿದೆ. ಹತ್ತು ದಿನ ಅವನು ಹಾಗೇ ನೀರಿಗಿಳಿದ. ಹನ್ನೊಂದನೆಯ ದಿನ ಮೈಯೆಲ್ಲ ಹುಣ್ಣಾಗಿ ಮಲಗಿದ.

ನನ್ನ ಮಾತು ಕೇಳಿ ಪಂಚಾಯಿತಿಯವರು ಶುಲ್ಕವನ್ನು ರದ್ದು ಮಾಡಿದರು. ಮೊದಲಿನ ಹಾಗೆಯೇ ಕೆರೆಗೆ ಯಾರೂ ಮಟ್ಟೆ ಹಾಕಕೂಡದು ಎಂದು ತಮಟೆ ಹೊಡೆಸಿದರು. ಗಾಡಿಗಳು ನಿಲ್ಲಲಿಲ್ಲ. ಶುಲ್ಕ ಹೋಗಿತ್ತು, ಬೋರೇಗೌಡ ಅವತ್ತು ಮುಖ ತಗ್ಗಿಸಿದ್ದನಲ್ಲ, ಆ ನಾಚಿಕೆ ಮಾತ್ರ ಎಲ್ಲಿ ಹೋಯಿತೋ ತಿರುಗಿ ಬರಲಿಲ್ಲ.

ಸಣ್ಣಯ್ಯನ ಮನೆಗೆ ಹೋಗಿ ಕೇಳಿಕೊಂಡೆ. “ಮತ್ತೆ ಏರಿ ಮೇಲೆ ನಿಂತು ಬಯ್ಯಪ್ಪ. ನೀನು ಬೈದರೆ ಎತ್ತುತ್ತಾರೆ.”

ಗೋಡೆಗೊರಗಿ ಕುಳಿತಿದ್ದವನು ಕೈಯ ಹುಣ್ಣು ನೋಡಿಕೊಂಡ. “ಬಯ್ಯಾಕೆ ಬಾಯೊಂದೇ ಸಾಲ್ದು ಮೇಷ್ಟ್ರೆ. ಅವ್ರ ತಾವ ದುಡ್ ಇಸ್ಕಂಡಿರೋ ಕೈ ಇದು. ಅವ್ರೂ ನೋಡವ್ರೆ, ನಾನೂ ನೋಡಿವ್ನಿ. ಬುಡಿ.”

ಮಳೆಗಾಲಕ್ಕೆ ಮುಂಚೆ ಕಿಕ್ಕೇರಿಯ ಹತ್ತಿರದ ಮಗಳ ಮನೆಗೆ ಹೊರಟುಹೋದ. ಚೀಟಿ ಪುಸ್ತಕವನ್ನು ನಮ್ಮ ಜಗುಲಿಯ ಮೇಲಿಟ್ಟು ಹೋಗಿದ್ದ. ಮಾರನೆಯ ವರ್ಷ ಅವನು ತೀರಿಕೊಂಡ ಸುದ್ದಿ ಬಸ್ಸಿನಲ್ಲಿ ಯಾರೋ ಹೇಳಿ ತಿಳಿಯಿತು. ಬೋರೇಗೌಡನೂ ಅದೇ ಬಸ್ಸಿನಲ್ಲಿದ್ದ. ಇಬ್ಬರೂ ಕಿಟಕಿಯಾಚೆ ನೋಡುತ್ತಾ ಕುಳಿತೆವು.

ನಾನು ಈಗಲೂ ಆ ಪಾಠ ಮಾಡುತ್ತೇನೆ. ಎಲ್ಲಾ ಕಡೆಗೂ ಅದು ಸುಳ್ಳೆಂದು ಹೇಳುವಷ್ಟು ತಿಳಿವಳಿಕೆ ನನಗಿಲ್ಲ. ಶುಲ್ಕ ಹೆಚ್ಚಿಟ್ಟಿದ್ದರೆ ಏನಾಗುತ್ತಿತ್ತೋ. ಹೆದರದವನಿಗೆ, ನಾಚದವನಿಗೆ, ದೂರದ ದೊಡ್ಡ ಕಾರ್ಖಾನೆಗೆ ಬಿಲ್ಲು ಕಳಿಸುವುದು ಬಿಟ್ಟು ಬೇರೇನು ಮಾಡಲಾದೀತು? ಆದರೆ ನಾಚಿಕೆ ಇನ್ನೂ ಉಳಿದಿರುವ ಕಡೆ ಬೆಲೆಪಟ್ಟಿ ತೂಗುಹಾಕುವ ಮುಂಚೆ ಏರಿಯ ಮೇಲೆ ಯಾರು ನಿಂತಿದ್ದಾರೆ ನೋಡಿ ಎಂದು ಹುಡುಗರಿಗೆ ಹೇಳಿ, ಸಣ್ಣಯ್ಯನ ಕತೆಯನ್ನೂ ಹೇಳುತ್ತೇನೆ. ಅವರು ತಲೆ ಬಗ್ಗಿಸಿ ಬರೆದುಕೊಳ್ಳುತ್ತಾರೆ.

ಹೋದ ಪರೀಕ್ಷೆಯಲ್ಲಿ ಒಬ್ಬಳು ಬರೆದಿದ್ದಳು: “ಮಾಲಿನ್ಯಕ್ಕೆ ಬೆಲೆ ಕಟ್ಟುವ ಪದ್ಧತಿಯನ್ನು ಹಲವರು ಬೆಂಬಲಿಸಿದ್ದಾರೆ. ಆದರೆ ಪ್ರಸಿದ್ಧ ಅರ್ಥಶಾಸ್ತ್ರಜ್ಞರಾದ ಸಣ್ಣಯ್ಯನವರು ಇದನ್ನು ಒಪ್ಪುವುದಿಲ್ಲ.”

ಕೆಂಪು ಪೆನ್ನು ಕೈಯಲ್ಲೇ ಇತ್ತು. ತಿದ್ದಲಿಲ್ಲ. ಪೂರ್ತಿ ಅಂಕ ಕೊಟ್ಟೆ.